ಹುಲ್ಲಿನ ಲೆಕ್ಕ

ಕನ್ನಂಬಾಡಿ ಎಂದರೆ ನಮಗೆಲ್ಲ ತಟ್ಟನೆ ನೆನಪಾಗುವುದು ಅಣೆಕಟ್ಟು, ವಿಶ್ವೇಶ್ವರಯ್ಯ, ಬೃಂದಾವನದ ಕಾರಂಜಿ. ಅಣೆಕಟ್ಟಿನ ಕೆಲಸ ಶುರುವಾಗುವುದಕ್ಕೆ ನೂರಿಪ್ಪತ್ತು ವರ್ಷ ಮೊದಲು, 1791ರ ಮೇ ತಿಂಗಳಲ್ಲಿ, ಇದೇ ಕನ್ನಂಬಾಡಿಯ ಹತ್ತಿರ ಒಂದು ವಿಚಿತ್ರ ಘಟನೆ ನಡೆಯಿತು. ಗೆದ್ದ ಸೈನ್ಯವೊಂದು ತನ್ನ ಫಿರಂಗಿಗಳನ್ನು ತಾನೇ ಒಡೆದು ಹಾಕಿ, ಗುಂಡುಗಳನ್ನು ಹೂತು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು.

ಆ ಸೈನ್ಯದ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೋಟೆ ಅವನ ಕೈಸೇರಿತ್ತು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯ ಹಿಂದೆ ಸರಿದು ಶ್ರೀರಂಗಪಟ್ಟಣದ ಕೋಟೆಯ ಆಸರೆಗೆ ಹೋಗಿತ್ತು. ಎದುರಿಗೇ ರಾಜಧಾನಿ ಕಾಣುತ್ತಿತ್ತು. ಆದರೂ ಮೇ ತಿಂಗಳು ಮುಗಿಯುವ ಮೊದಲೇ ಕಾರ್ನ್‌ವಾಲಿಸ್ ಬೆನ್ನು ತಿರುಗಿಸಿದ. ಅವನನ್ನು ಹಿಂದಕ್ಕಟ್ಟಿದ್ದು ಟಿಪ್ಪುವಿನ ಫಿರಂಗಿಯಲ್ಲ, ಎತ್ತುಗಳ ಸಾವು. ಫಿರಂಗಿ ಎಳೆಯಲು ಎತ್ತುಗಳಿರಲಿಲ್ಲ, ಅಕ್ಕಿ ಹೊರಲು ಎತ್ತುಗಳಿರಲಿಲ್ಲ. ಅರಕೆರೆಯಿಂದ ಕನ್ನಂಬಾಡಿಯವರೆಗೆ ಆ ಭಾರಿ ಫಿರಂಗಿಗಳನ್ನು ಸೈನಿಕರೇ ಹಗ್ಗ ಕಟ್ಟಿ ಎಳೆಯಬೇಕಾಯಿತು.

ಮೈಸೂರು ಯುದ್ಧಗಳ ಕಾಲದ ದವಸ ಮತ್ತು ಸಾಗಾಣಿಕೆಯ ಬಗ್ಗೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ಹೀಗೆಂದರೆ ಸಾಮಾನ್ಯವಾಗಿ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಟಿಪ್ಪುವಿನ ಖಡ್ಗದ ಬಗ್ಗೆ, ರಾಕೆಟ್ಟಿನ ಬಗ್ಗೆ, ಧರ್ಮದ ಬಗ್ಗೆ ಕೇಳಲು ಎಲ್ಲರಿಗೂ ಪ್ರಶ್ನೆಗಳಿರುತ್ತವೆ. ಎತ್ತಿನ ಬಗ್ಗೆ ಯಾರಿಗೂ ಇರುವುದಿಲ್ಲ. ಇದ್ದದ್ದು ನನ್ನ ರೂಮಿನಲ್ಲಿದ್ದ ಗೆಳೆಯನೊಬ್ಬನಿಗೆ ಮಾತ್ರ. ಅವನು ನೆಲಮಂಗಲದ ಕಡೆಯ ಒಂದು ವೇರ್‌ಹೌಸಿನಲ್ಲಿ ಪ್ಲಾನಿಂಗ್ ಕೆಲಸದಲ್ಲಿದ್ದಾನೆ. ಯಾವ ಊರಿಗೆ ಯಾವ ಸರಕು ಎಷ್ಟು ಬೇಕು, ಯಾವ ಲಾರಿ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ದಿನವಿಡೀ ಲೆಕ್ಕ ಹಾಕುವುದೇ ಅವನ ಕೆಲಸ. ಒಂದು ರಾತ್ರಿ ಊಟ ಮಾಡುತ್ತಾ ಕನ್ನಂಬಾಡಿಯ ಕತೆ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿದ: "ಎತ್ತು ಸಾಯ್ತವೆ ಅಂತ ಗೊತ್ತಿದ್ರೆ ಸ್ಪೇರ್ ಎತ್ತು ಯಾಕೋ ತರ್ಲಿಲ್ಲ ಅವ್ರು?"

ಸರಳವಾದ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದಂತೆ ನನ್ನ ಪ್ರಬಂಧದ ಅರ್ಧ ಅಧ್ಯಾಯವೇ ಅದರಿಂದ ಹುಟ್ಟಿತು.

ಹೊರುವವನೂ ಉಣ್ಣುತ್ತಾನೆ

ಮೊದಲು ಒಂದು ಲೆಕ್ಕ ಮಾಡೋಣ. ಅಂದಾಜಿನ ಲೆಕ್ಕವೇ ಸಾಕು. ಆ ಕಾಲದ ದಂಡು ಎಂದರೆ ಬರೀ ಸಿಪಾಯಿಗಳಲ್ಲ. ಒಬ್ಬ ಕಾದಾಳಿನ ಹಿಂದೆ ಅಡುಗೆಯವರು, ಹುಲ್ಲು ಕೊಯ್ಯುವವರು, ಡೇರೆ ಹೊರುವವರು, ಬಜಾರಿನವರು, ಹೆಂಡತಿ ಮಕ್ಕಳು ಎಂದು ಹಲವರಿರುತ್ತಿದ್ದರು. ನಡೆದಾಡುವ ಒಂದು ಪಟ್ಟಣವೇ ಅದು. ಒಟ್ಟು ಒಂದು ಲಕ್ಷ ಬಾಯಿ ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ ಮುಕ್ಕಾಲು ಕೆ.ಜಿ. ಅಕ್ಕಿಯಂತೆ 75,000 ಕೆ.ಜಿ. ಬೇಕು. ಒಂದು ಹೇರೆತ್ತಿನ ಬೆನ್ನ ಮೇಲೆ ಎರಡು ಗೋಣಿ ಸೇರಿ 75 ಕೆ.ಜಿ. ಎಂದರೆ, ದಿನವೊಂದಕ್ಕೆ ಸಾವಿರ ಎತ್ತಿನ ಹೇರು ಖಾಲಿಯಾಗುತ್ತದೆ. ಒಂದು ತಿಂಗಳಿಗೆ ಮೂವತ್ತು ಸಾವಿರ ಎತ್ತು. ಇದು ಅಕ್ಕಿಗೆ ಮಾತ್ರ. ಫಿರಂಗಿ, ಗುಂಡು, ಮದ್ದು, ಡೇರೆಗಳ ಲೆಕ್ಕ ಬೇರೆ.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಸ್ಪೇರ್ ಎತ್ತು ತರಬಹುದು. ಆದರೆ ಲಾರಿಗೂ ಎತ್ತಿಗೂ ಒಂದು ವ್ಯತ್ಯಾಸವಿದೆ. ನಿಂತ ಲಾರಿ ಡೀಸೆಲ್ ಕುಡಿಯುವುದಿಲ್ಲ. ನಿಂತ ಎತ್ತು ಮಾತ್ರ ಮೇಯುತ್ತಲೇ ಇರುತ್ತದೆ. ದೊಡ್ಡ ಎತ್ತೊಂದಕ್ಕೆ ದಿನಕ್ಕೆ ಎಂಟೊಂಬತ್ತು ಕೆ.ಜಿ. ಒಣಮೇವು ಬೇಕು. ದಾರಿಯುದ್ದಕ್ಕೂ ಹುಲ್ಲು ಸಿಕ್ಕರೆ ಸರಿ. ಸಿಗದಿದ್ದರೆ ಅದರ ಮೇವನ್ನು ಅದೇ ಹೊರಬೇಕು. ಹಾಗೆ ಹೊತ್ತರೆ ಎಂಟೊಂಬತ್ತು ದಿನಗಳಲ್ಲಿ ಅದು ತನ್ನ ಬೆನ್ನಿನ ಹೇರನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ಅಲ್ಲಿಗೆ ಅದು ಯಾರಿಗೂ ಏನನ್ನೂ ತಲುಪಿಸಿದಂತಾಗಲಿಲ್ಲ. ಹೀಗಿರುವಾಗ ಸ್ಪೇರ್ ಎತ್ತು ಹೆಚ್ಚಿದಷ್ಟೂ ಹಸಿವೂ ಹೆಚ್ಚುತ್ತದೆ.

ಈ ಗಣಿತವನ್ನು ಹೈದರನೂ ಟಿಪ್ಪುವೂ ಅಂಗೈ ನೆಲ್ಲಿಕಾಯಿಯಂತೆ ಬಲ್ಲವರಾಗಿದ್ದರು. ಅವರು ಶತ್ರುವಿನ ಸಿಪಾಯಿಗಿಂತ ಮೊದಲು ಶತ್ರುವಿನ ದಾರಿಯ ಹುಲ್ಲಿನ ಮೇಲೆ ಕೈಮಾಡುತ್ತಿದ್ದರು. ಹೈದರ್ 1780ರಲ್ಲಿ ಕರ್ನಾಟಿಕಕ್ಕೆ ನುಗ್ಗಿದಾಗ ಮದರಾಸಿನ ಸುತ್ತಲ ಸೀಮೆಯನ್ನೇ ಸುಟ್ಟು ಬರಿದು ಮಾಡಿದ. 1791ರಲ್ಲಿ ಟಿಪ್ಪುವೂ ಅದನ್ನೇ ಮಾಡಿದ. ಬೆಂಗಳೂರಿನಿಂದ ಚನ್ನಪಟ್ಟಣದ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಮೇವು ಸಿಗದಂತೆ ನೋಡಿಕೊಂಡ. ಕಾರ್ನ್‌ವಾಲಿಸ್ ಅದನ್ನು ತಪ್ಪಿಸಲು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ ದಾರಿ ಹಿಡಿದ. ಅದು ಕಾಡು, ಕಲ್ಲು, ಏರುತಗ್ಗಿನ ದಾರಿ. ಅಲ್ಲಿಯೂ ಹಳ್ಳಿಗಳು ಖಾಲಿಯಾಗಿದ್ದವು. ಜೊತೆಗೆ ಮುಂಗಾರಿನ ಮೊದಲ ಮಳೆ. ಕಾವೇರಿ ತುಂಬಿಕೊಂಡಳು. ದನಗಳಿಗೆ ರೋಗ ಬಂತು. ದಂಡಿನ ಜೊತೆ ಬಂದ ಬಡಪಾಯಿಗಳು ಸತ್ತ ಎತ್ತುಗಳ ಮಾಂಸ ತಿಂದು ಜೀವ ಹಿಡಿದುಕೊಂಡರು ಎಂದು ಆ ಕಾಲದ ಬರಹಗಳಿಂದ ತಿಳಿಯುತ್ತದೆ.

ಇನ್ನೊಂದು ಕಡೆ, ಮುಂಬಯಿ ಸೈನ್ಯದೊಡನೆ ಅಬರ್‌ಕ್ರಾಂಬಿ ಕೊಡಗಿನ ಘಟ್ಟ ಹತ್ತಿ ಪಿರಿಯಾಪಟ್ಟಣದವರೆಗೆ ಬಂದು ಕಾಯುತ್ತಿದ್ದ. ಇಬ್ಬರ ನಡುವೆ ಇದ್ದದ್ದು ಕೆಲವೇ ದಿನಗಳ ದಾರಿ. ಆದರೆ ಆ ದಾರಿಯನ್ನು ನಡೆಯಬಲ್ಲ ಎತ್ತುಗಳು ಇಬ್ಬರ ಹತ್ತಿರವೂ ಉಳಿದಿರಲಿಲ್ಲ. ಅವನಿಗೂ ಹಿಂದಿರುಗುವ ಆಜ್ಞೆ ಹೋಯಿತು.

ಬಾರದ ಸುದ್ದಿ

ಈ ಕತೆಯ ಅತ್ಯಂತ ಕ್ರೂರವಾದ ಭಾಗ ಇನ್ನು ಮುಂದಿದೆ. ಫಿರಂಗಿಗಳನ್ನು ಒಡೆದು ಹಾಕಿ, ಮೇ 26ರಂದು ಹಸಿದ ದಂಡು ಬೆಂಗಳೂರಿನ ಕಡೆ ಹೊರಟಿತು. ಮೇಲುಕೋಟೆಯ ಕಡೆಗೆ ನಡೆಯುತ್ತಿದ್ದಾಗ ಎದುರಿನಿಂದ ಕುದುರೆ ಸವಾರರ ಗುಂಪೊಂದು ಕಾಣಿಸಿತು. ಟಿಪ್ಪುವಿನ ಸವಾರರೆಂದುಕೊಂಡು ಇವರು ಕಾದಾಟಕ್ಕೆ ಅಣಿಯಾದರು. ಬಂದವರು ಮರಾಠರು! ಪರಶುರಾಮ ಭಾವು ಮತ್ತು ಹರಿಪಂತರ ಸೈನ್ಯಗಳು, ಇಂಗ್ಲಿಷರ ಮಿತ್ರರು, ಧಾರವಾಡ ಮತ್ತು ಸಿರಾದ ಕಡೆಯಿಂದ ಅವರನ್ನು ಕೂಡಿಕೊಳ್ಳಲೆಂದೇ ಬಂದಿದ್ದರು.

ಅವರು ಇಷ್ಟು ಹತ್ತಿರವಿರುವ ಸಂಗತಿ ಕಾರ್ನ್‌ವಾಲಿಸನಿಗೆ ಗೊತ್ತೇ ಇರಲಿಲ್ಲ. ಸುದ್ದಿ ತರುತ್ತಿದ್ದ ಹರಿಕಾರರನ್ನೆಲ್ಲ ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆದಿದ್ದರು. ಮರಾಠರ ಪಾಳೆಯದಲ್ಲಿ ಏನಿರಲಿಲ್ಲ! ಅವರ ಬಜಾರಿನಲ್ಲಿ ಕಾಶ್ಮೀರದ ಶಾಲಿನಿಂದ ಹಿಡಿದು ಇಂಗ್ಲೆಂಡಿನ ಪೆನ್‌ನೈಫಿನವರೆಗೆ ಎಲ್ಲವೂ ಮಾರಾಟಕ್ಕಿದ್ದವೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಬೆರಗಿನಿಂದ ದಾಖಲಿಸಿದ್ದಾನೆ. ಅಕ್ಕಿ, ಬೇಳೆ, ಹುರುಳಿ ಎಲ್ಲ ಇತ್ತು. ಬೆಲೆ ಮಾತ್ರ ಬಾಯಿಗೆ ಬಂದಷ್ಟು.

ಇದನ್ನು ಕೇಳಿ ನನ್ನ ಗೆಳೆಯ ನಕ್ಕುಬಿಟ್ಟ. "ಇದು ನಮ್ಮಲ್ಲಿ ವಾರಕ್ಕೊಂದ್ ಸಲ ಆಗುತ್ತೆ ಕಣೋ. ಒಂದು ಗೋಡೌನಲ್ಲಿ ಮಾಲು ಕೊಳೀತಿರುತ್ತೆ, ಇನ್ನೊಂದ್ರಲ್ಲಿ ಸ್ಟಾಕ್ ಇಲ್ಲ ಅಂತ ಆರ್ಡರ್ ಕ್ಯಾನ್ಸಲ್ ಮಾಡ್ತಿರ್ತಾರೆ. ನಡುವೆ ಒಂದು ಫೋನ್ ಕಾಲು ಆಗಿರಲ್ಲ ಅಷ್ಟೆ."

ಪೂರೈಕೆ ಸರಪಳಿ ಎಂದು ನಾವು ಈಗ ಕರೆಯುವ ವ್ಯವಸ್ಥೆಯಲ್ಲಿ ಹರಿಯುವುದು ಸರಕು ಮಾತ್ರವಲ್ಲ, ಸುದ್ದಿಯೂ ಹೌದು. ಸುದ್ದಿ ನಿಂತರೆ ಇದ್ದ ಸರಕೂ ಇಲ್ಲದಂತೆಯೇ. ಟಿಪ್ಪು ಎರಡನ್ನೂ ಕಡಿದಿದ್ದ.

ಲದೇಣಿಯ ಜನ

ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ಎಂಟು ತಿಂಗಳಲ್ಲಿ ಅವನು ಮಾಡಿದ್ದನ್ನು ಸಾಮಾನ್ಯವಾಗಿ ಕೋಟೆಗಳ ವಿಜಯದ ಪಟ್ಟಿಯಾಗಿ ಓದುತ್ತೇವೆ. ಜುಲೈನಲ್ಲಿ ಹೊಸೂರು ಮತ್ತು ರಾಯಕೋಟೆ, ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ. ಭೂಪಟ ಹರಡಿಕೊಂಡು ನೋಡಿದರೆ ಈ ಪಟ್ಟಿಗೆ ಬೇರೊಂದು ಅರ್ಥ ಹೊಳೆಯುತ್ತದೆ. ಹೊಸೂರು, ರಾಯಕೋಟೆ ಎಂದರೆ ಕರ್ನಾಟಿಕದಿಂದ ಅಕ್ಕಿ ಬರುವ ಘಟ್ಟದ ಬಾಗಿಲು. ನಂದಿ ಎಂದರೆ ಉತ್ತರದ ದಾರಿ. ಸಾವನದುರ್ಗ ಎಂದರೆ ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಕೂತು ಸರಕಿನ ಸಾಲಿನ ಮೇಲೆ ಎರಗಬಲ್ಲ ಜಾಗ. ಅವನು ಗೆಲ್ಲುತ್ತಿದ್ದದ್ದು ಕೋಟೆಗಳನ್ನಲ್ಲ, ದಾರಿಗಳನ್ನು.

ದಾರಿಯಿದ್ದರೆ ಸಾಲದು, ನಡೆಯುವವರು ಬೇಕಲ್ಲ. ಆ ಕೆಲಸಕ್ಕೆ ಬಂದವರು ಬಂಜಾರರು, ನಮ್ಮ ಕಡೆ ಲಂಬಾಣಿಗಳೆಂದು ಕರೆಯುವ ಜನ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬಾತ ಅವರ ತಾಂಡಾಗಳ ನಾಯಕರನ್ನು ಕಂಡು, ಒಪ್ಪಂದ ಮಾಡಿಕೊಂಡು, ಸಾವಿರಾರು ಹೇರೆತ್ತುಗಳ ಸಾಲನ್ನೇ ದಂಡಿನ ಕಡೆಗೆ ತಿರುಗಿಸಿದ. ಇದೇ ರೀಡ್ ಮುಂದೆ ಬಾರಾಮಹಲಿನ ಕಂದಾಯ ವ್ಯವಸ್ಥೆಯಿಂದ ಹೆಸರಾದ.

ಲಂಬಾಣಿಗಳ ಈ ಹೇರುವ್ಯಾಪಾರಕ್ಕೆ ಲದೇಣಿ ಎಂದು ಹೆಸರು. ಅದು ಕೂಲಿ ಕೆಲಸವಲ್ಲ ಎಂಬುದನ್ನು ಗಮನಿಸಬೇಕು. ದವಸ ಅವರದೇ, ಎತ್ತು ಅವರದೇ, ಲಾಭ ನಷ್ಟವೂ ಅವರದೇ. ಅಗ್ಗವಾಗಿ ಸಿಗುವ ಕಡೆ ಕೊಂಡು, ಹಸಿವಿರುವ ಕಡೆ ಮಾರುವುದು ಅವರ ಬದುಕು. ಹೆಂಗಸರು, ಮಕ್ಕಳು, ನಾಯಿಗಳು ಎಲ್ಲರೂ ಕೂಡಿಯೇ ನಡೆಯುವ ಸಂಸಾರ. ಬರುವಾಗ ಕರಾವಳಿಯ ಉಪ್ಪು, ಹೋಗುವಾಗ ಬಯಲಿನ ಜೋಳ. ಯುದ್ಧವಾದರೆ ಸಾಮಾನ್ಯವಾಗಿ ಯಾವ ಪಕ್ಷದವರೂ ಅವರನ್ನು ಕೆಣಕುತ್ತಿರಲಿಲ್ಲ, ಏಕೆಂದರೆ ನಾಳೆ ತಮಗೂ ಅವರೇ ಬೇಕು. ಎಲ್ಲಿ ಕೆರೆಯಿದೆ, ಯಾವ ತಿಂಗಳಲ್ಲಿ ಯಾವ ಗುಡ್ಡದ ಮಗ್ಗುಲಲ್ಲಿ ಹುಲ್ಲಿರುತ್ತದೆ, ಯಾವ ಹೊಳೆ ಯಾವಾಗ ದಾಟಬಹುದು ಎಂಬುದೆಲ್ಲ ಅವರ ತಲೆಯಲ್ಲಿತ್ತು. ದಂಡಿನ ಅಧಿಕಾರಿಗಳ ಬಳಿ ಇಲ್ಲದ ಭೂಪಟ ಅದು.

1792ರ ಫೆಬ್ರವರಿ 5ರಂದು ಕಾರ್ನ್‌ವಾಲಿಸನ ದಂಡು ಮತ್ತೆ ಬಂದು ಹಿರೋಡೆಯಲ್ಲಿ, ಇಂದಿನ ಪಾಂಡವಪುರದಲ್ಲಿ, ಬೀಡುಬಿಟ್ಟಿತು. ಈ ಸಲ ಹೊಟ್ಟೆ ತುಂಬಿತ್ತು. ಮರುದಿನ ರಾತ್ರಿಯೇ ದಾಳಿ. ಮಾರ್ಚಿ ತಿಂಗಳಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಸುವ ಕರಾರಿಗೆ ಸಹಿ ಹಾಕಬೇಕಾಯಿತು. ಹಿಂದಿನ ಮೇ ತಿಂಗಳಲ್ಲಿ ಸೋತು ಹೋಗಿದ್ದೂ ಇದೇ ದಂಡನಾಯಕನ ಸೈನ್ಯವೇ. ನಡುವೆ ಆದ ದೊಡ್ಡ ಬದಲಾವಣೆ ಎಂದರೆ ತೆರೆದ ದಾರಿಗಳು ಮತ್ತು ಆ ದಾರಿಯಲ್ಲಿ ನಡೆದ ಲಂಬಾಣಿ ಎತ್ತುಗಳು.

ಬೆಣ್ಣೆ ಚಾವಡಿಯಿಂದ ಅಮೃತ ಮಹಲಿಗೆ

ಹಾಗಾದರೆ ಮೈಸೂರಿನ ದಂಡು ಇಷ್ಟು ದಿನ ಹೇಗೆ ನಡೆಯುತ್ತಿತ್ತು? ಇದೇ ಬಿಸಿಲು, ಇದೇ ಮಳೆ, ಇದೇ ದಾರಿ. ಆದರೂ ಹೈದರನ ಫಿರಂಗಿಗಳು ಎಲ್ಲೂ ಹೂತುಕೊಂಡು ನಿಂತ ಕತೆ ನಮಗೆ ಸಿಗುವುದಿಲ್ಲ. 1781ರಲ್ಲಿ ಚಿದಂಬರಕ್ಕೆ ಇಂಗ್ಲಿಷರು ಮುತ್ತಿಗೆ ಹಾಕಿದಾಗ ಹೈದರ್ ನೂರು ಮೈಲಿಯನ್ನು ಎರಡೂವರೆ ದಿನಗಳಲ್ಲಿ ಕ್ರಮಿಸಿದನೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ದಾಟಿದ್ದನ್ನೂ ಅದೇ ಗೆಜೆಟಿಯರ್ ನೆನೆಯುತ್ತದೆ. ಸಾಮಾನ್ಯ ದಂಡು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದರೆ ಹೆಚ್ಚು ಎನ್ನುವ ಕಾಲ ಅದು.

ಈ ವೇಗದ ಗುಟ್ಟು ಅಮೃತ ಮಹಲ್ ತಳಿಯ ಎತ್ತುಗಳು. ವಿಜಯನಗರದ ಪ್ರತಿನಿಧಿಯೊಬ್ಬ ಶ್ರೀರಂಗಪಟ್ಟಣಕ್ಕೆ ತಂದಿದ್ದ ಹಳ್ಳಿಕಾರ್ ಹಸುಗಳು ಒಡೆಯರ ಕೈಗೆ ಬಂದವೆಂದೂ, ಚಿಕ್ಕದೇವರಾಜ ಒಡೆಯರು (1672–1704) ಅವುಗಳನ್ನು ಬೆಳೆಸಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ ಎಂಬ ಇಲಾಖೆ ಮಾಡಿದರೆಂದೂ ಹೇಳುತ್ತಾರೆ. ಹೈದರನ ಕಾಲಕ್ಕೆ ಬೆಣ್ಣೆಗಿಂತ ಎತ್ತು ಮುಖ್ಯವಾಯಿತು. ಪಾಳೆಯಗಾರರಿಂದ ವಶಪಡಿಸಿಕೊಂಡ ಒಳ್ಳೆಯ ದನಗಳೆಲ್ಲ ಇದಕ್ಕೆ ಸೇರಿದವು. ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು, ಅದಕ್ಕೊಂದು ಹುಕುಂನಾಮೆ ಬರೆಸಿದ. ಆ ನಿಯಮಗಳನ್ನು ಮುಂದೆ ಇಂಗ್ಲಿಷರೂ ಬಿಡಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎತ್ತಿಗಿಂತ ಹೆಚ್ಚಾಗಿ ಹುಲ್ಲಿನ ವ್ಯವಸ್ಥೆ. ರಾಜ್ಯದಾದ್ಯಂತ ಇನ್ನೂರಕ್ಕೂ ಹೆಚ್ಚು ಕಾವಲುಗಳಿದ್ದವು. ಕಾವಲು ಎಂದರೆ ದನ ಮೇಯಲೆಂದೇ ಕಾದಿರಿಸಿದ ಹುಲ್ಲುಗಾವಲು. ಅವುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಕೆರೆಯಂಗಳವಿದ್ದು ನೆರಳು ನೀರು ಸಿಗುವ ಕಾವಲು ಬೇಸಿಗೆಗೆ. ಮಳೆ ಬಂದಾಗ ಮಾತ್ರ ಹಳ್ಳ ಹರಿಯುವ, ಬೇಸಿಗೆಯಲ್ಲಿ ಒಣಗಿಹೋಗುವ ಕಾವಲು ಉಳಿದ ಕಾಲಕ್ಕೆ. ದನಗಳ ಹಿಂಡು ವರ್ಷವಿಡೀ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಒಂದು ಕಾವಲು ಮೇಯುತ್ತಿರುವಾಗ ಇನ್ನೊಂದು ಚಿಗುರುತ್ತಿತ್ತು. ಉಗ್ರಾಣದಲ್ಲಿ ಮೇವು ತುಂಬಿಡುವ ಬದಲು ನೆಲದ ಮೇಲೆಯೇ ಮೇವನ್ನು ಜೀವಂತವಾಗಿ ಇಟ್ಟಿದ್ದರು.

ಇನ್ನು ಎತ್ತಿನ ಲೆಕ್ಕ. ಕಾವಲಿನ ದನಗಳು ಹೆಚ್ಚುಕಡಿಮೆ ಕಾಡುದನಗಳಂತೆಯೇ ಬೆಳೆಯುತ್ತಿದ್ದವು, ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೋರಿಗಳನ್ನು ಹಿಡಿದು, ಬೀಜ ಒಡೆದು, ಪಳಗಿಸಲು ಆಮೇಲೆ ವರ್ಷಗಳೇ ಬೇಕು. ಗೆಜೆಟಿಯರಿನ ಪ್ರಕಾರ ಅಮೃತ ಮಹಲ್ ಎತ್ತು ಪೂರ್ಣ ಬಲಕ್ಕೆ ಬರುವುದು ಏಳನೆಯ ವರ್ಷಕ್ಕೆ. ಹನ್ನೆರಡರವರೆಗೆ ಹುರುಪು. ಹದಿನಾಲ್ಕು ಹದಿನೈದಕ್ಕೆ ದುಡಿಮೆ ಮುಗಿಯುತ್ತದೆ.

ಏಳು ವರ್ಷ! ಗೆಳೆಯನ ಭಾಷೆಯಲ್ಲಿ ಹೇಳಿದರೆ ಇದು ಲೀಡ್ ಟೈಮ್, ಬೇಕೆಂದಾಗಿನಿಂದ ಕೈಗೆ ಸಿಗುವವರೆಗಿನ ಅವಧಿ. 1781ರಲ್ಲಿ ಚಿದಂಬರದ ಕಡೆಗೆ ಓಡಿದ ಎತ್ತುಗಳು ಕಡೇಪಕ್ಷ 1774ರ ಹೊತ್ತಿಗೆ ಯಾವುದೋ ಕಾವಲಿನಲ್ಲಿ ಹುಟ್ಟಿರಬೇಕು. ಆ ಯುದ್ಧ ಆಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಯುದ್ಧ ಬಂದಾಗ ಎತ್ತು ಹುಡುಕುವವನು ಕಾರ್ನ್‌ವಾಲಿಸ್. ಯುದ್ಧವಿಲ್ಲದಾಗ ಹುಲ್ಲು ಕಾಯುವವನು ಹೈದರ್. ಎರಡೂವರೆ ದಿನದ ಆ ಓಟದ ಹಿಂದೆ ಏಳು ವರ್ಷದ ನಿಧಾನವಿತ್ತು.

ಕಲಿತವನು ಮತ್ತು ಮರೆತವರು

ಟಿಪ್ಪುವಿನ ಕೊನೆಯ ಯುದ್ಧದಲ್ಲಿ ಲೆಕ್ಕ ತಿರುಗುಮುರುಗಾಯಿತು. 1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸನ ದಂಡು ಬಂದಾಗ ಹಿಂದಿನ ದಾರಿಯಲ್ಲೇ ಬರುವನೆಂದು ಟಿಪ್ಪು ಅಲ್ಲಿ ಮೇವನ್ನೆಲ್ಲ ನಾಶಮಾಡಿಸಿದ್ದ. ಮಳವಳ್ಳಿಯ ಕಾಳಗದ ಬಳಿಕ ಹ್ಯಾರಿಸ್ ಹಠಾತ್ತಾಗಿ ದಕ್ಷಿಣಕ್ಕೆ ಹೊರಳಿ, ಸೋಸಲೆಯ ಬಳಿ ಕಾವೇರಿ ದಾಟಿದ. ಆ ದಡದಲ್ಲಿ ಹುಲ್ಲೂ ಇತ್ತು, ದನವೂ ಇತ್ತು, ದವಸವೂ ಇತ್ತು. ಆದರೂ ಏಪ್ರಿಲ್ ಮಧ್ಯದಲ್ಲಿ ಅಕ್ಕಿ ಚೀಲಗಳನ್ನು ಅಳೆದು ನೋಡಿದಾಗ ಎಣಿಸಿದ್ದಕ್ಕಿಂತ ಬಹಳ ಕಡಿಮೆ ಇರುವುದು ತಿಳಿದು ದಂಡಿನಲ್ಲಿ ನಡುಕ ಹುಟ್ಟಿತು. ಮೇ 4ರಂದು ಕೋಟೆ ಬಿದ್ದಿತು. ಇನ್ನು ಕೆಲವು ವಾರ ತಡೆದುಕೊಂಡಿದ್ದರೆ 1791 ಮರುಕಳಿಸುತ್ತಿತ್ತೋ ಏನೋ.

ಈ ಎಲ್ಲವನ್ನೂ ಕಣ್ಣಾರೆ ಕಂಡ ಒಬ್ಬ ಕರ್ನಲ್ ಅಲ್ಲಿದ್ದ, ಆರ್ಥರ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಅಧಿಕಾರ ಅವನ ಕೈಗೆ ಬಂತು. ಅಮೃತ ಮಹಲಿನ ಹಿಂಡೂ ಇಂಗ್ಲಿಷರ ವಶವಾಯಿತು. ಧೋಂಡಿಯಾ ವಾಘನನ್ನು ಬೆನ್ನಟ್ಟಿದ 1800ರ ವರ್ಷ ವೆಲ್ಲೆಸ್ಲಿಗೆ ಪಾಠಶಾಲೆ. 1803ರಲ್ಲಿ ಮರಾಠರ ಮೇಲೆ ಹೋಗುವಾಗ ದಿವಾನ್ ಪೂರ್ಣಯ್ಯ ಮೈಸೂರಿನಿಂದ ದವಸ ದನಗಳನ್ನು ಒದಗಿಸಿದರು. ಹೊಳೆ ದಾಟಲು ಹರಿಗೋಲುಗಳನ್ನು ಮೊದಲೇ ಸಿದ್ಧಪಡಿಸುವಂತೆ ಅವನು ಬರೆದ ಪತ್ರಗಳಿವೆ. ಮಾರ್ಚ್‌ನಲ್ಲಿ ಹರಿಹರದಿಂದ ಹೊರಟವನು ಏಪ್ರಿಲ್ 20ಕ್ಕೆ ಪುಣೆಯಲ್ಲಿದ್ದ. ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಗೆದ್ದ. ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯಗಳೊಡನೆ ಹೋರಾಡುವಾಗ, ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಅವನು ಪದೇ ಪದೇ ಹಳಹಳಿಸಿದನಂತೆ.

ವೆಲ್ಲೆಸ್ಲಿ ಕಲಿತದ್ದನ್ನು ಅವನ ಸರ್ಕಾರ ಮರೆಯಿತು. ಯುದ್ಧಗಳು ಮುಗಿದ ಮೇಲೆ ಹಿಂಡು ಮೈಸೂರು ಸರ್ಕಾರದ ಕೈಯಲ್ಲಿ ಸೊರಗಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ಮೇಲೆ ಚೇತರಿಸಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಮಿತವ್ಯಯದ ಹೆಸರಿನಲ್ಲಿ ಅಮೃತ ಮಹಲನ್ನೇ ಮುಚ್ಚಿಸಿದ. ಹಿಂಡು ಮಾರಾಟವಾಯಿತು. ವರ್ಷ ವರ್ಷ ಖರ್ಚು ಕಾಣುತ್ತದೆ, ಯುದ್ಧವಿಲ್ಲದ ವರ್ಷ ಆದಾಯ ಕಾಣುವುದಿಲ್ಲ. ಲೆಕ್ಕಪುಸ್ತಕದ ಪ್ರಕಾರ ಅವನದು ತಪ್ಪೇನಲ್ಲ. ಆದರೆ ಬೇಕಾದಾಗ ಒಳ್ಳೆಯ ಎತ್ತು ಎಲ್ಲಿಯೂ ಸಿಗದಂತಾಯಿತು. ಆರು ವರ್ಷ ಕಳೆಯುವುದರೊಳಗೆ, 1866ರಲ್ಲಿ, ಅದೇ ಸರ್ಕಾರ ಅಳಿದುಳಿದ ದನಗಳನ್ನು ಹುಡುಕಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು.

ಈ ಭಾಗ ಓದಿ ಹೇಳಿದಾಗ ಗೆಳೆಯ ನಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ಅವನ ಕಂಪನಿ ಹೆಚ್ಚುವರಿ ದಾಸ್ತಾನು ದಂಡ ಎಂದು ಕಡಿಮೆ ಮಾಡಿಕೊಂಡಿತ್ತಂತೆ. ಆಮೇಲೆ ಒಂದು ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತಂತೆ. "ಖಾಲಿ ಕೂತಿರೋದೆಲ್ಲ ವೇಸ್ಟು ಅಂತ ನಮ್ಗೆ ಹೇಳ್ಕೊಟ್ಟಿದ್ದಾರೆ" ಎಂದ. ಆ ಮಾತು ನನ್ನಲ್ಲಿ ಉಳಿಯಿತು. ಯಾವುದು ಖಾಲಿ, ಯಾವುದು ಕಾದಿರಿಸಿದ್ದು ಎಂಬ ವ್ಯತ್ಯಾಸ ಪುಸ್ತಕದ ಲೆಕ್ಕಕ್ಕೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಮರೆವು ಇನ್ನೊಂದಿದೆ. ದಂಡುಗಳ ಹೊಟ್ಟೆ ಹೊರೆದ ಲಂಬಾಣಿಗಳ ವ್ಯಾಪಾರ ರಸ್ತೆ, ರೈಲು ಬಂದ ಮೇಲೆ ಮುರಿದು ಬಿತ್ತು. ಹೇರೆತ್ತಿನ ಸಾಲು ನಿಂತಿತು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದಾಗ ಕೆಲವು ಪ್ರಾಂತ್ಯಗಳಲ್ಲಿ ಇದೇ ಜನರ ಹೆಸರುಗಳು ಪಟ್ಟಿಗೆ ಸೇರಿದವು. ಯಾರ ತಿರುಗಾಟ ಎಂಬತ್ತು ವರ್ಷ ಹಿಂದೆ ಸರ್ಕಾರವನ್ನು ಉಳಿಸಿತ್ತೋ ಅವರ ತಿರುಗಾಟವೇ ಈಗ ಅನುಮಾನಕ್ಕೆ ಕಾರಣವಾಯಿತು. ಯುದ್ಧದ ಬರಹಗಳಲ್ಲಿ ಸಾವಿರಾರು ಎತ್ತುಗಳ ಎಣಿಕೆ ಸಿಗುತ್ತದೆ. ಆ ಎತ್ತುಗಳ ಹಿಂದೆ ನಡೆದವರ ಒಂದು ಹೆಸರನ್ನು ಹುಡುಕಲು ನಾನು ಕಡತದಿಂದ ಕಡತಕ್ಕೆ ಅಲೆಯುತ್ತಿದ್ದೇನೆ.

ಕಾವಲಿನಲ್ಲಿ

ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರು ದನಕಾಯುವ ವೀರ ಜುಂಜಪ್ಪನ ಕಾವ್ಯವನ್ನು ಗಣೆ ನುಡಿಸುತ್ತಾ ಹಾಡುತ್ತಾರೆ. ಚಳ್ಳಕೆರೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ, ಅವುಗಳನ್ನು ಕಾಯುವ ಕಿಲಾರಿಗಳಿಗೆ ಅಲ್ಲಿ ವಿಶೇಷ ಗೌರವವಿದೆ. ಸಾಹಿತ್ಯದ ವಿದ್ಯಾರ್ಥಿಗಳು ಇವುಗಳನ್ನು ಜಾನಪದವೆಂದು ಓದುತ್ತೇವೆ. ನನಗೀಗ ಅವು ಹುಲ್ಲು ಮತ್ತು ನೀರಿನ ಶಾಸ್ತ್ರದ ಸುತ್ತ ಬೆಳೆದ ಹಾಡುಗಳೂ ಹೌದು ಅನ್ನಿಸುತ್ತದೆ.

ಅದೇ ಚಳ್ಳಕೆರೆಯ ಖುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆಯನ್ನು ಸುಮಾರು ಒಂದೂವರೆ ದಶಕದ ಹಿಂದೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಬೇಲಿ ಎದ್ದಿತು. ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟು ದೊಡ್ಡ ಜಾಗ ಸುಲಭವಾಗಿ ಸಿಕ್ಕಿದ್ದು ಅದನ್ನು ಖಾಲಿ ಜಾಗ ಎಂದುಕೊಂಡದ್ದರಿಂದ. ಟ್ರೆವೆಲ್ಯನ್ನನ ಲೆಕ್ಕಪುಸ್ತಕ ಇನ್ನೂ ಮುಚ್ಚಿಲ್ಲ.

ಕಳೆದ ವರ್ಷ ಮಳೆಗಾಲದ ಕೊನೆಯಲ್ಲಿ ಅಜ್ಜಂಪುರದ ಕಡೆಗೆ ಹೋಗಿದ್ದೆ. ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇರುವುದು ಅಲ್ಲಿಯೇ. ಕಾವಲಿನ ಅಂಚಿನಲ್ಲಿ ದನ ಬಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜನ ಪಕ್ಕದಲ್ಲಿ ಕೂತೆ. ಬೂದುಬಣ್ಣದ, ಹಿಂದಕ್ಕೆ ಬಾಗಿದ ಚೂಪು ಕೊಂಬಿನ ದನಗಳು ದೂರದಲ್ಲಿ ತಲೆಯೆತ್ತಿ ನಮ್ಮನ್ನು ನೋಡುತ್ತಿದ್ದವು. ನಾನು ಹೈದರನ ಕತೆ, ನೂರು ಮೈಲಿಯ ಕತೆ ಹೇಳಿದೆ. ಅಜ್ಜ ಅಷ್ಟೇನೂ ಬೆರಗಾಗಲಿಲ್ಲ. ಎದುರಿನ ದಿನ್ನೆಯ ಕಡೆ ಕೈತೋರಿಸಿದ. ಆ ಭಾಗದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ಒಂದು ದನವೂ ಇರಲಿಲ್ಲ.

"ಅಲ್ಲಿಗ್ಯಾಕೆ ಬಿಟ್ಟಿಲ್ಲ ಅಜ್ಜ?" ಎಂದೆ.

"ಈಗ್ಲೇ ಬಿಟ್ರೆ ಬ್ಯಾಸಿಗೇಗೆ ಏನ್ ಮೇಯ್ತವೆ ತಮ್ಮಾ? ಅದು ಹಂಗೇ ಇರ್ಬೇಕು. ಬೀಜ ಉದುರ್ಬೇಕು. ಆಮ್ಯಾಲೆ."

ನೋಟ್‌ಬುಕ್ ತೆಗೆದು ಬರೆದುಕೊಂಡೆ. ಪ್ರಬಂಧದಲ್ಲಿ ಇದನ್ನು ಯಾವ ಅಡಿಟಿಪ್ಪಣಿಯಲ್ಲಿ ಸೇರಿಸಬೇಕೆಂದು ಇನ್ನೂ ತೋಚಿಲ್ಲ.